ಹೆಬ್ಬೆರಳಿನ ಹದ

"ಮನಸ್ಸಾಕ್ಷಿ ಒಪ್ಪಿದ ಮೇಲೂ ಒಂದು ತೀರ್ಪು ತಪ್ಪಾಗಬಹುದೇ ಬುದ್ಧಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಪ್ರಶ್ನೆ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಇಬ್ಬರು ರೈತರು ಮಠಕ್ಕೆ ನ್ಯಾಯ ಕೇಳಲು ಬರುವವರಿದ್ದರು. ಇಬ್ಬರ ಹೊಲಗಳ ನಡುವೆ ಒಂದೇ ಬಾವಿ. ಬೇಸಿಗೆಯಲ್ಲಿ ಮೊದಲ ನೀರು ಯಾರಿಗೆ ಎಂಬುದು ಜಗಳ. ಮಾತಿಗೆ ಮಾತು ಬೆಳೆದು ಗುದ್ದಲಿ ಎತ್ತುವ ತನಕ ಹೋಗಿತ್ತು. ಮಠ ಏನು ಹೇಳಿದರೂ ಒಪ್ಪುತ್ತೇವೆ ಎಂದು ಇಬ್ಬರೂ ಮಾತು ಕೊಟ್ಟಿದ್ದರು. ಆ ತೀರ್ಪು ಹೇಳುವ ಹೊಣೆಯನ್ನು ಗುರುಗಳು ಈ ಶಿಷ್ಯನಿಗೆ ಒಪ್ಪಿಸಿದ್ದರು. ರೈತರಲ್ಲಿ ಒಬ್ಬ ಶಿಷ್ಯನ ಅಕ್ಕನ ಗಂಡ. ಅದನ್ನು ಶಿಷ್ಯ ಮುಚ್ಚಿಟ್ಟಿರಲಿಲ್ಲ, ಮೊದಲೇ ಹೇಳಿದ್ದ. ಆದರೂ ನೀನೇ ಹೇಳು, ನೋಡೋಣ ಎಂದಿದ್ದರು ಗುರುಗಳು.

"ಅವನು ನನ್ನ ಭಾವ ಎನ್ನುವುದನ್ನು ಪಕ್ಕಕ್ಕಿಟ್ಟೆ ಬುದ್ಧಿ. ನನ್ನ ಮನಸ್ಸಾಕ್ಷಿಯನ್ನು ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಮೊದಲ ನೀರು ಭಾವನಿಗೇ ಸಲ್ಲಬೇಕು ಎಂದಿತು. ಇನ್ನು ತಪ್ಪು ಎಲ್ಲಿಂದ ಬರುತ್ತದೆ?"

"ಮತ್ತೆ ಮತ್ತೆ ಕೇಳಿದೆಯಾ?" ಎಂದರು ಗುರುಗಳು.

"ಹೌದು ಬುದ್ಧಿ."

"ಹಾಗಾದರೆ ಕುಳಿತುಕೋ. ಈ ಕಡೆಯ ಹಣ್ಣು ನೀನು ಬಿಡಿಸು. ನಾನು ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಶಿಷ್ಯ ಕುಳಿತ. ಗುರುಗಳು ಹೇಳತೊಡಗಿದರು.

ಬಯಲುಸೀಮೆಯಲ್ಲಿ ಒಂದು ಗುಡ್ಡ. ಅದರ ಹೆಸರು ನಿನಗೆ ಬೇಡ. ಹೆಸರು ಹೇಳಿದರೆ ನೀನು ಅಲ್ಲಿ ನೆಂಟರನ್ನು ಹುಡುಕಲು ಹೊರಡುತ್ತೀ. ನೆತ್ತಿಯ ಮೇಲೆ ಬರೀ ಬಂಡೆ, ಅದರ ಕೆಳಗೆ ಉದ್ದನೆಯ ಇಳಿಜಾರು. ಇಳಿಜಾರಿನ ಮೇಲೆ ಒಂದು ಮೊಳ ಮಣ್ಣು, ಅಷ್ಟೇ. ಅದರಡಿ ಸುಣ್ಣಕಲ್ಲಿನ ಗಟ್ಟಿ ಪದರ. ಹಾರೆ ಹಾಕಿದರೆ ಕೈ ಜುಮ್ಮೆನ್ನುತ್ತದೆ, ಕಲ್ಲು ಅಲುಗುವುದಿಲ್ಲ. ಬೇರು ಅಲ್ಲಿಗೆ ನಿಲ್ಲಬೇಕು, ನೀರೂ ಅಲ್ಲಿಗೆ ನಿಲ್ಲಬೇಕು. ಆ ಸೀಮೆಗೆ ಮಳೆ ಮೊದಲೇ ಕಡಿಮೆ. ಬಿದ್ದ ನಾಲ್ಕು ಹನಿಯನ್ನು ಆ ಒಂದು ಮೊಳದ ಮಣ್ಣು ಕುಡಿದು ಇಟ್ಟುಕೊಂಡರೆ ಗುಡ್ಡದ ತುಂಬ ಹುಲ್ಲು. ಕುಡಿಯದೆ ಹೋದರೆ ವರ್ಷವೆಲ್ಲ ಬೋಳು ಗುಡ್ಡ.

ಆ ಮಣ್ಣಿನ ಗುಣ ಹೇಳುತ್ತೇನೆ, ಗಮನವಿಟ್ಟು ಕೇಳು. ಮರಳನ್ನು ನೀನು ಬಲ್ಲೆ. ಎಷ್ಟು ತುಳಿದರೂ ಅದಕ್ಕೆ ಬೇಸರವಿಲ್ಲ, ನೆನಪೂ ಇಲ್ಲ. ಬಯಲಿನ ಎರೆಮಣ್ಣನ್ನೂ ಬಲ್ಲೆ. ಮಳೆಯಲ್ಲಿ ತುಳಿದರೆ ಕಾಲು ಹಿಡಿದುಕೊಂಡು ಜಗಳಕ್ಕೆ ಬರುತ್ತದೆ. ಬೇಸಿಗೆಯಲ್ಲಿ ತಾನೇ ಬಿರುಕು ಬಿಟ್ಟು, ಪುಡಿಯಾಗಿ, ಹಳೆಯದನ್ನೆಲ್ಲ ಮರೆತು ಮತ್ತೆ ಹೊಸದಾಗುತ್ತದೆ. ಗುಡ್ಡದ ಮಣ್ಣು ಇವೆರಡರ ನಡುವಿನದು. ಮರಳೂ ಇದೆ, ಜೇಡಿಯೂ ಇದೆ, ಯಾವುದೂ ಅತಿಯಾಗಿಲ್ಲ. ಅಂಗೈಯಲ್ಲಿ ತಿಕ್ಕಿದರೆ ರಾಗಿಹಿಟ್ಟಿನ ಹಾಗೆ ಮೆತ್ತಗೆ, ನಡುವೆ ಅಲ್ಲೊಂದು ಇಲ್ಲೊಂದು ನೊರಜುಗಲ್ಲು. ಬಹಳ ಒಳ್ಳೆಯ ಮಣ್ಣು ಅದು. ಒಣಗಿದಾಗ ಎರಡು ಊರಿನ ಕುರಿ ನಡೆದರೂ ಹೊರುತ್ತದೆ. ಹದಕ್ಕೆ ಬಂದಾಗ ನೀರು, ಗಾಳಿ, ಬೇರು ಎಲ್ಲಕ್ಕೂ ಜಾಗ ಕೊಡುತ್ತದೆ. ನೆನೆದಾಗ ಮಾತ್ರ ಅದಕ್ಕೆ ಬೇಡ ಎನ್ನಲು ಬರುವುದಿಲ್ಲ. ಒತ್ತಿದ ಹಾಗೆ ಒಪ್ಪಿಕೊಂಡುಬಿಡುತ್ತದೆ. ಗೊರಸು ಹೇಗೆ ಬಿತ್ತೋ ಹಾಗೇ ಕೂರುತ್ತದೆ. ಮೇಲೆ ಬಿಸಿಲು ಬಿದ್ದರೆ ಸುಟ್ಟ ಇಟ್ಟಿಗೆಯಾಗುತ್ತದೆ. ಆಮೇಲೆ ಬಿದ್ದ ಮಳೆ ಅದರೊಳಗೆ ಇಳಿಯದೆ ಮೇಲಿನಿಂದಲೇ ಹರಿದು ಹಳ್ಳ ಸೇರುತ್ತದೆ.

ಗುಡ್ಡದ ಕೆಳಗೆ ಎರಡು ಹಟ್ಟಿ, ಮೇಲ್ಹಟ್ಟಿ ಮತ್ತು ಕೆಳಹಟ್ಟಿ. ಎರಡೂ ಕಡೆಯವರು ಕುರಿ ಸಾಕುವವರು. ಈ ಮಣ್ಣಿನ ಗುಣ ಅಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅದಕ್ಕೇ ಗುಡ್ಡದ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದ್ದರು. ಒಂದು ಕಡೆ ಬಾಗಿಲ ಹಾಗೆ ಮುಳ್ಳಿನ ತಡಿಕೆ. ಮೊದಲ ಮಳೆ ಬಿದ್ದ ಗಳಿಗೆಯಿಂದ ತಡಿಕೆ ಮುಚ್ಚಬೇಕು. ಗುಡ್ಡ ಬಾಣಂತಿ ಎನ್ನುತ್ತಿದ್ದರು. ಬಾಣಂತಿಯ ಕೋಣೆಗೆ ಕಂಡಕಂಡವರು ನುಗ್ಗುವ ಹಾಗಿಲ್ಲವಲ್ಲ. ಹುಲ್ಲು ಬೇರು ಹಿಡಿದು, ಮಣ್ಣು ಹದಕ್ಕೆ ಬಂದ ಮೇಲೆ ತಡಿಕೆ ತೆಗೆದು ಕುರಿ ಬಿಡಬೇಕು.

ಹದ ಬಂತು ಎಂದು ಹೇಳುವವರು ಯಾರು? ಒಂದು ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ಕುರಿ ಗಟ್ಟಿಮುಟ್ಟಾಗಿ ಇದ್ದವನು ಇನ್ನೂ ಬಂದಿಲ್ಲ ಎನ್ನುವನು. ಕುರಿ ಸೊರಗಿದವನು ಆಗಲೇ ಬಂದಾಯಿತು ಎನ್ನುವನು. ಒಂದು ವರ್ಷ ದೊಣ್ಣೆ ಎದ್ದವು. ತಡಿಕೆಯ ಬಾಯಲ್ಲೇ ಹಟ್ಟಿಗೊಂದು ಹೆಣ ಬಿತ್ತು. ಹೆಣ ಎತ್ತಿದ ಮೇಲೆ ಹಿರಿಯರಿಗೆ ಬುದ್ಧಿ ಬಂತು. ಇನ್ನು ಮನುಷ್ಯರ ಬಾಯಿ ಬೇಡ, ಮಣ್ಣೇ ಹೇಳಲಿ ಎಂದು ಕಟ್ಟು ಮಾಡಿದರು.

ಮಣ್ಣು ಹೇಳುವುದು ಹೀಗೆ. ಇಳಿಜಾರಿನ ನಡುವೆ ಒಂದು ನಿಲುಗಲ್ಲು ಇತ್ತು. ಅದರ ಬುಡದಲ್ಲಿ ಗೇಣುದ್ದ ಬಗೆದು, ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಬೇಕು. ಮುಷ್ಟಿ ಬಿಚ್ಚಿದರೆ ಅಂಗೈಯಲ್ಲಿ ಉಂಡೆ ಕೂತಿರುತ್ತದೆ. ಅದೇ ಕೈಯ ಹೆಬ್ಬೆರಳನ್ನು ಆ ಉಂಡೆಗೆ ತಾಗಿಸಬೇಕು. ತಾಗಿಸಬೇಕು, ಒತ್ತಬಾರದು. ಮಣ್ಣು ಹದಕ್ಕೆ ಬಂದಿದ್ದರೆ ಉಂಡೆ ತಾಗಿದ ಕೂಡಲೇ ಉದುರಿ ಪುಡಿಯಾಗುತ್ತದೆ. ಇನ್ನೂ ನೆನೆದಿದ್ದರೆ ಬೆರಳಿನ ಗುರುತು ಹೊತ್ತುಕೊಂಡು ಹಾಗೇ ಕೂತಿರುತ್ತದೆ. ಎರಡೂ ಹಟ್ಟಿಯ ಹಿರಿಯರು ಸುತ್ತ ನಿಂತು ನೋಡುತ್ತಾರೆ. ಉದುರಿದರೆ ತಡಿಕೆ ತೆಗೆಯುವುದು, ಉಳಿದರೆ ಮುಚ್ಚಿಡುವುದು. ಕಣ್ಣಿಗೆ ಕಾಣುವ ಉಂಡೆಯ ಮುಂದೆ ಯಾರೂ ವಾದ ಮಾಡುತ್ತಿರಲಿಲ್ಲ.

ಮುಷ್ಟಿ ಕಟ್ಟುವುದಕ್ಕೆ ಒಬ್ಬ ಮನುಷ್ಯ ಬೇಕಲ್ಲ, ಅವನನ್ನು ಕಾವಲುಗಾರ ಎನ್ನುತ್ತಿದ್ದರು. ಕಾವಲುಗಾರನಿಗೆ ಸ್ವಂತದ ಒಂದು ಕುರಿಯೂ ಇರಕೂಡದು ಎಂದು ನಿಯಮ. ಅವನ ಊಟ ಒಂದು ದಿನ ಮೇಲ್ಹಟ್ಟಿಯದು, ಒಂದು ದಿನ ಕೆಳಹಟ್ಟಿಯದು. ನಮ್ಮ ಕತೆಯ ಕಾಲಕ್ಕೆ ಕಾವಲುಗಾರನಾಗಿದ್ದವನು ಕಾಟಯ್ಯ ಎಂಬ ಮುದುಕ. ಅವನನ್ನು ಆರಿಸಿದಾಗ ಅವನ ಹತ್ತಿರ ಒಂದು ಸಣ್ಣ ಹಿಂಡು ಇತ್ತು. ತೀರಿಹೋದ ಹೆಂಡತಿ ಸಾಕಿ ಬೆಳೆಸಿದ ಹಿಂಡು ಅದು. ನಿಯಮ ಎಂದ ಮೇಲೆ ನಿಯಮ ಎಂದು, ಇದ್ದ ಕುರಿಯನ್ನೆಲ್ಲ ಮೇಲ್ಹಟ್ಟಿಗೆ ಮದುವೆಯಾಗಿ ಹೋದ ಮಗಳು ಓಬಕ್ಕನಿಗೆ ಬಳುವಳಿ ಎಂದು ಹೊಡೆದುಕೊಟ್ಟ. ಎಲ್ಲರೂ ಭೇಷ್ ಎಂದರು. ಕುರಿಯಿಲ್ಲದವನೇ ಆಗಬೇಕೆಂದು ನಿಯಮ ಮಾಡಿದವರು, ಮಗಳಿಲ್ಲದವನೇ ಆಗಬೇಕೆಂದು ಮಾಡಿರಲಿಲ್ಲ.

ಕೇಳುತ್ತಿದ್ದೀಯೋ, ಇಲ್ಲ ನಾಳೆಯ ತೀರ್ಪಿಗೆ ಮಾತು ಜೋಡಿಸುತ್ತಿದ್ದೀಯೋ? ಬೀಜವನ್ನು ಹಣ್ಣಿನ ರಾಶಿಗೆ ಹಾಕುತ್ತಿದ್ದೀ ನೋಡು. ಬೀಜ ಈಚೆಗೆ ಹಾಕು.

ಕಾಟಯ್ಯ ಎಷ್ಟೋ ಮಳೆಗಾಲ ನಿಷ್ಠೆಯಿಂದ ಹದ ನೋಡಿದ. ಅವನ ಬೆರಳಿನ ಮೇಲೆ ಎರಡೂ ಹಟ್ಟಿಗೆ ಅಷ್ಟು ನಂಬಿಕೆ. ಆಮೇಲೆ ಆ ಕೆಟ್ಟ ವರ್ಷ ಬಂತು. ಬೇಸಿಗೆ ಮುಗಿಯುವ ಹಾಗೇ ಕಾಣಲಿಲ್ಲ. ಕುರಿಗಳು ಜಾಲಿಕಾಯಿ ತಿಂದವು, ಒಣ ಸೊಪ್ಪು ತಿಂದವು, ಕೊನೆಗೆ ಮರದ ತೊಗಟೆಗೆ ಬಾಯಿ ಹಾಕಿದವು. ಪಕ್ಕೆಯ ಎಲುಬು ದೂರದಿಂದಲೇ ಎಣಿಸುವ ಹಾಗಾಯಿತು. ಅಂಥ ಹೊತ್ತಿನಲ್ಲಿ ಮಳೆ ಬಂತು. ಗುಡ್ಡದ ಮೈಮೇಲೆ ಹಸಿರು ಕಂಡಿತು. ಕಾಟಯ್ಯ ನಿಯಮದಂತೆ ತಡಿಕೆ ಮುಚ್ಚಿದ.

ಬಿಸಿಲು ಬಂದಿದ್ದರೆ ಮಣ್ಣು ಬೇಗ ಹದಕ್ಕೆ ಬರುತ್ತಿತ್ತು. ಬರಲಿಲ್ಲ. ಮೋಡ ಕವಿದುಕೊಂಡು ದಿನಾ ಸೋನೆ ಹಿಡಿಯಿತು. ಮಣ್ಣು ಒಣಗುವುದೂ ಇಲ್ಲ, ಮಳೆ ನಿಲ್ಲುವುದೂ ಇಲ್ಲ. ದಿನಾ ಬೆಳಿಗ್ಗೆ ಹಿರಿಯರು ಸೇರುವರು, ಕಾಟಯ್ಯ ಉಂಡೆ ಕಟ್ಟುವನು, ಉಂಡೆ ಬೆರಳಿನ ಗುರುತು ಹೊತ್ತು ಕೂತಿರುವುದು. ಬೇಲಿಯ ಈಚೆಗೆ ಕುರಿಗಳು ಹಸಿರಿನ ವಾಸನೆ ಹಿಡಿದು ಮುಳ್ಳಿನೊಳಗೆ ಮೂತಿ ತೂರಿ ರಕ್ತ ಮಾಡಿಕೊಳ್ಳುತ್ತಿದ್ದವು. ಅವುಗಳ ಕೂಗು ಕೇಳಿ ಕೇಳಿ ಎರಡೂ ಹಟ್ಟಿಯವರ ತಲೆ ಕೆಟ್ಟಿತ್ತು. ಹರೆಯದವರು ದೊಣ್ಣೆ ಹಿಡಿದು ತಡಿಕೆಯ ಹತ್ತಿರ ಓಡಾಡತೊಡಗಿದರು. ಮೇಲ್ಹಟ್ಟಿಯವರು ನುಗ್ಗಿದರೆ ತಾವೂ ನುಗ್ಗುವುದೆಂದು ಕೆಳಹಟ್ಟಿಯವರು, ಕೆಳಹಟ್ಟಿಯವರು ನುಗ್ಗಿದರೆ ಬಿಡುವುದಿಲ್ಲವೆಂದು ಮೇಲ್ಹಟ್ಟಿಯವರು. ಅವರನ್ನು ತಡೆದಿದ್ದದ್ದು ಅಂಗೈಯಲ್ಲಿನ ಆ ಮಣ್ಣಿನ ಉಂಡೆ ಒಂದೇ.

ಕೆಳಹಟ್ಟಿಯಲ್ಲಿ ಚಿತ್ತಯ್ಯ ಎಂಬುವನಿದ್ದ. ಕೈಗೂ ಬಾಯಿಗೂ ಸರಿಹೋಗುವಷ್ಟು ಕುರಿ ಸಾಕಿದವನು. ಅವನ ಕುರಿಗಳು ಎಲ್ಲರಿಗಿಂತ ಮೊದಲು ಕಾಲು ಸೋತು ಮಲಗಿದವು. ಅವನು ಕಾಟಯ್ಯನ ಗುಡಿಸಲಿಗೆ ಬಂದು, ಏಳಲಾರದ ಕುರಿಗಳನ್ನಷ್ಟೇ ಬೇಲಿಯ ಅಂಚಿನಲ್ಲಿ ಒಂದು ಗಳಿಗೆ ಬಿಡಲು ಅಂಗಲಾಚಿದ. ಕಾಟಯ್ಯ ಅವನನ್ನು ನಿಲುಗಲ್ಲಿನ ಹತ್ತಿರ ಕರೆದುಕೊಂಡು ಹೋದ. ಅವನ ಕಣ್ಣೆದುರಿಗೇ ಬಗೆದು, ಮುಷ್ಟಿ ಕಟ್ಟಿ, ಬೆರಳು ತಾಗಿಸಿ ತೋರಿಸಿದ. ಉಂಡೆಯ ಮೇಲೆ ಬೆರಳಿನ ಗೆರೆಗಳು ಕೂಡ ಮೂಡಿದ್ದವು.

"ಬೇಡ ಅನ್ನುತ್ತಿರುವುದು ಮಣ್ಣು ಚಿತ್ತಯ್ಯಾ, ನಾನಲ್ಲ" ಎಂದ ಕಾಟಯ್ಯ.

ಚಿತ್ತಯ್ಯ ಉಂಡೆಯನ್ನು ನೋಡಿದ. ಆಯಿತು ಎಂದು ತಲೆಯಾಡಿಸಿ ಇಳಿದುಹೋದ. ಅವನ ಕುರಿಗಳು ಒಂದರ ಹಿಂದೆ ಒಂದು ಸತ್ತವು. ಅವನು ಕಾಟಯ್ಯನ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಹಟ್ಟಿಯವರು ಆಡಹೊರಟಾಗಲೂ, ಮಣ್ಣು ಹೇಳಿದ್ದಕ್ಕೆ ಅವನೇನು ಮಾಡುತ್ತಾನೆ ಎಂದು ಅವರ ಬಾಯಿ ಮುಚ್ಚಿಸಿದ.

ಆಮೇಲೆ ಸರದಿ ಓಬಕ್ಕನ ಹಿಂಡಿಗೆ ಬಂತು. ಅವಳ ಕುರಿಗಳು ಬೇಸಿಗೆಯ ಕೊನೆಗೆ ಮರಿ ಹಾಕಿದ್ದವು. ತಾಯಿಗೆ ಮೇವಿಲ್ಲ, ಕೆಚ್ಚಲು ಬತ್ತಿತು. ಮರಿಗಳು ಬತ್ತಿದ ಕೆಚ್ಚಲು ಚೀಪಿ ಚೀಪಿ ಸುಸ್ತಾಗಿ ಬೀಳುತ್ತಿದ್ದವು. ಗಂಡನ ಮನೆಯವರು ಅವಳನ್ನು ದಿನಾ ತಿವಿದರು. ಬೆರಳು ನಿನ್ನ ಅಪ್ಪನದು, ನೀನು ಹೋಗಿ ಒಂದು ಮಾತು ಹೇಳಿದರೆ ಕಿರೀಟ ಬಿದ್ದುಹೋಗುತ್ತದೆಯೇ ಎಂದರು. ಓಬಕ್ಕ ಹೋಗಲಿಲ್ಲ. ಅಪ್ಪನ ಮುಂದೆ ಅಂಥ ಮಾತು ಆಡುವ ಹೆಣ್ಣಲ್ಲ ಅವಳು. ಆದರೆ ಮರಿಗಳು ಸಾಯತೊಡಗಿದಾಗ ಅವಳಿಗೆ ತಡೆಯಲಾಗಲಿಲ್ಲ. ಅವು ಅವಳ ತಾಯಿಯ ಕುರಿಗಳ ಸಂತತಿ. ತಾಯಿ ಎಂದು ಅವಳಿಗೆ ಉಳಿದಿದ್ದದ್ದು ಅಷ್ಟೇ.

ಆ ಬೆಳಿಗ್ಗೆ ಮೋಡ ಸರಿದು ಬಿಸಿಲು ಬಿದ್ದಿತ್ತು. ಗಾಳಿಯೂ ಬೀಸುತ್ತಿತ್ತು. ಗುಡ್ಡದ ಮೇಲ್ಮಣ್ಣು ಬಣ್ಣ ತಿರುಗಿ ಒಣಗಿದ ಹಾಗೆ ಕಾಣುತ್ತಿತ್ತು. ಹಿರಿಯರು ಆಸೆಯಿಂದ ಬಂದಿದ್ದರು. ಎರಡೂ ಹಟ್ಟಿಯ ಹಿಂಡುಗಳು ತಡಿಕೆಯ ಮುಂದೆ ಒತ್ತಿಕೊಂಡು ನಿಂತಿದ್ದವು. ಕಾಟಯ್ಯ ನಿಲುಗಲ್ಲಿನ ಹತ್ತಿರ ಬರುವಾಗ ಓಬಕ್ಕ ಅಲ್ಲಿ ನಿಂತಿದ್ದಳು. ಸೆರಗಿನಲ್ಲಿ ಒಂದು ಮರಿ. ಅದಕ್ಕೆ ಕತ್ತು ನಿಲ್ಲುತ್ತಿರಲಿಲ್ಲ.

"ಅಪ್ಪಾ, ತಡಿಕೆ ತೆಗಿ ಅಂತ ನಾನು ಕೇಳಲ್ಲ. ಇವತ್ತು ಹದ ನೋಡುವಾಗ ಇದು ನಿನ್ನ ಇನ್ನೊಂದು ಕೈಯಲ್ಲಿರಲಿ, ಅಷ್ಟೇ" ಎಂದಳು.

ಹಿರಿಯರು ಯಾರೂ ತಡೆಯಲಿಲ್ಲ. ಮರಿ ಹಿಡಿದುಕೊಂಡು ಹದ ನೋಡಬಾರದೆಂದು ಯಾವ ನಿಯಮವೂ ಇರಲಿಲ್ಲ. ಕಾಟಯ್ಯ ಎಡಗೈಯಲ್ಲಿ ಮರಿಯನ್ನು ಎದೆಗೆ ಒತ್ತಿ ಹಿಡಿದ. ಬಲಗೈಯಲ್ಲಿ ಬಗೆದ. ಗೇಣು ಕೆಳಗೆ ಮಣ್ಣು ಕಪ್ಪಾಗಿತ್ತು, ಕೈಗೆ ತಣ್ಣಗೆ ತಾಗಿತು. ಮುಷ್ಟಿ ಕಟ್ಟಿ ಬಿಚ್ಚಿದ. ಉಂಡೆ ಕೂತಿತ್ತು. ಹೆಬ್ಬೆರಳನ್ನು ಅದರ ಮೇಲೆ ಇಟ್ಟ.

ಉಂಡೆ ಉದುರಲಿಲ್ಲ.

ಎಲ್ಲರೂ ನೋಡುತ್ತಿದ್ದರು. ಬೆರಳು ಉಂಡೆಯ ಮೇಲೆ ಹಾಗೇ ಇತ್ತು. ತೆಗೆಯಬೇಕಾಗಿತ್ತು, ಅವನು ತೆಗೆಯಲಿಲ್ಲ. ಮರಿಯ ಎದೆ ಅವನ ಪಕ್ಕೆಗೆ ಹೊಡೆದುಕೊಳ್ಳುತ್ತಿತ್ತು, ಒಮ್ಮೆ ನಿಂತ ಹಾಗಾಗಿ ಮತ್ತೆ ಹೊಡೆದುಕೊಂಡಿತು. ಓಬಕ್ಕ ಉಂಡೆಯನ್ನು ನೋಡುತ್ತಿರಲಿಲ್ಲ, ಅಪ್ಪನ ಮುಖ ನೋಡುತ್ತಿದ್ದಳು. ಆಗ ಉಂಡೆ ಒಡೆಯಿತು.

ಹದ ಬಂತು ಎಂದು ಯಾರೋ ಅಂದರು. ಕಾಟಯ್ಯನಲ್ಲ. ಅವನು ಅಲ್ಲ ಎನ್ನಲೂ ಇಲ್ಲ. ಅಷ್ಟರಲ್ಲಿ ತಡಿಕೆ ಎಳೆದಾಗಿತ್ತು. ಕುರಿಗಳು ತಡಿಕೆಯ ಬಾಯಲ್ಲಿ ಒಂದರ ಮೇಲೊಂದು ಬಿದ್ದು ಗುಡ್ಡ ಏರಿದವು.

ಹದ ಬಂದ ಉಂಡೆ ಪುಡಿಯಾಗಿ ಉದುರುತ್ತದೆ ಎಂದೆನಲ್ಲ, ಇದು ಉದುರಿರಲಿಲ್ಲ. ಎರಡು ಹೋಳಾಗಿತ್ತು. ಹೋಳುಗಳ ಅಂಚು ಚಾಕುವಿನಲ್ಲಿ ಕೊಯ್ದ ಹಾಗಿತ್ತು. ಎಲ್ಲರ ಕಣ್ಣಿಗೂ ಅದು ಬಿದ್ದಿತ್ತು. ಯಾರಿಗೂ ನೋಡುವುದು ಬೇಕಾಗಿರಲಿಲ್ಲ. ಕಾಟಯ್ಯ ಒಬ್ಬನೇ ನಿಂತು ಕೈ ನೋಡಿಕೊಂಡ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಮಣ್ಣು ಮೆತ್ತಿಕೊಂಡಿತ್ತು. ಹದದ ಮಣ್ಣು ಉಗುರಿಗೆ ಮೆತ್ತುವುದಿಲ್ಲ. ಬೆರಳನ್ನು ಕಂಬಳಿಗೆ ಒರೆಸಿಕೊಂಡ. ಬಿಸಿಲಿದೆ, ಗಾಳಿಯಿದೆ, ಉಂಡೆ ಒಡೆದದ್ದನ್ನು ಹತ್ತು ಜನ ನೋಡಿದ್ದಾರೆ, ನಾನು ಒಂದು ಸುಳ್ಳೂ ಹೇಳಿಲ್ಲ ಎಂದುಕೊಂಡ. ನಿಜ, ಅವನು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದರೆ ಅವನಿಗೇ ಗೊತ್ತಾಗುತ್ತಿತ್ತು, ಓಡಿಹೋಗಿ ತಡಿಕೆ ಮುಚ್ಚುತ್ತಿದ್ದನೋ ಏನೋ.

ಕೆಲವು ದಿನ ಎರಡೂ ಹಟ್ಟಿಯಲ್ಲಿ ಹಬ್ಬ. ಕುರಿಗಳ ಹೊಟ್ಟೆ ತುಂಬಿತು, ಕೆಚ್ಚಲಿಗೆ ಹಾಲು ಬಂತು. ಆ ಮರಿಯ ಕತ್ತು ನಿಂತಿತು. ಅದು ಕಾಟಯ್ಯನ ಗುಡಿಸಲ ತನಕ ಕುಣಿದುಕೊಂಡು ಬಂದಾಗ ಮುದುಕನ ಕಣ್ಣಲ್ಲಿ ನೀರು ಬಂತು. ಇದರಲ್ಲಿ ತಪ್ಪೇನಿದೆ ಎಂದು ನೀನೂ ಈಗ ಯೋಚಿಸುತ್ತಿದ್ದೀ. ಯೋಚಿಸು, ಬೇಡ ಎನ್ನುವುದಿಲ್ಲ.

ಆಮೇಲೆ ಒಳ್ಳೆಯ ಬಿಸಿಲು ಹೊಡೆಯಿತು. ಇಳಿಜಾರಿನ ತುಂಬ ಗೊರಸಿನ ಗುರುತುಗಳು ಹಾಗಾಗೇ ಒಣಗಿ ಕಲ್ಲಾದವು. ಬರಿಗಾಲಲ್ಲಿ ನಡೆದರೆ ಚುಚ್ಚುತ್ತಿದ್ದವು. ಎಳೆಯ ಹುಲ್ಲು ಬೇರು ಹಿಡಿಯುವ ಮೊದಲೇ ಕುರಿ ಬಾಯಿ ಹಾಕಿದ್ದರಿಂದ ಬುಡ ಸಮೇತ ಕಿತ್ತುಬಂದಿತ್ತು. ಉಳಿದ ಬೇರು ಆ ಗಟ್ಟಿ ನೆಲದಲ್ಲಿ ಉಸಿರು ಕಟ್ಟಿ ಸತ್ತಿತು. ವರ್ಷದ ದೊಡ್ಡ ಮಳೆ ಬಂದಾಗ ಎಲ್ಲರೂ ಆಸೆಯಿಂದ ಗುಡ್ಡದ ಕಡೆ ನೋಡಿದರು. ನೀರು ಗೊರಸಿನ ಗುಳಿಗಳಲ್ಲಿ ಒಂದು ಗಳಿಗೆ ನಿಂತಿತು. ಒಳಗೆ ಇಳಿಯಲಿಲ್ಲ. ತುಂಬಿ, ಕೂಡಿಕೊಂಡು, ಇಳಿಜಾರಿನಲ್ಲಿ ದಾರಿ ಮಾಡಿಕೊಂಡು, ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಹೋಯಿತು. ಮಳೆ ನಿಂತ ಮೇಲೆ ಅಲ್ಲಲ್ಲಿ ಬಿಳಿ ಸುಣ್ಣಕಲ್ಲು ಮೇಲೆದ್ದು ಕಾಣುತ್ತಿತ್ತು. ಒಂದು ಮೊಳದಲ್ಲಿ ಹೋದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಅಳೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಆ ವರ್ಷ ಗುಡ್ಡದಲ್ಲಿ ಹುಲ್ಲು ಬರಲಿಲ್ಲ. ಕುರಿಗಳನ್ನು ಹೊಡೆದುಕೊಂಡು ಗುರುತಿಲ್ಲದ ಸೀಮೆಗೆ ಹೊರಟರು, ಮೊದಲು ಕೆಳಹಟ್ಟಿಯವರು, ಆಮೇಲೆ ಮೇಲ್ಹಟ್ಟಿಯವರು. ದಾರಿಯಲ್ಲಿ ಎಷ್ಟೋ ಕುರಿ ಸತ್ತವು. ಓಬಕ್ಕನ ಹಿಂಡಿನಲ್ಲೂ ಸತ್ತವು. ಅಂದು ಎದೆಗೆ ಒತ್ತಿ ಹಿಡಿದಿದ್ದ ಆ ಮರಿ ಘಾಟಿಯ ಆಚೆ ಬಿದ್ದಿತೆಂದು ಕಾಟಯ್ಯನಿಗೆ ಸುದ್ದಿ ಬಂತು. ಓಬಕ್ಕ ಅಪ್ಪನನ್ನು ದೂರಲಿಲ್ಲ. ಹೊರಡುವಾಗ ಅವನ ಗು‌ಡಿಸಲ ಮುಂದೆ ನಿಂತು, ಹಾಗೇ ಹೋಗಿದ್ದಳು.

ಹೊರಟವರಲ್ಲಿ ಚಿತ್ತಯ್ಯ ಇರಲಿಲ್ಲ. ಹೊಡೆದುಕೊಂಡು ಹೋಗಲು ಅವನಿಗೆ ಕುರಿಯೇ ಉಳಿದಿರಲಿಲ್ಲ. ಒಂದು ದಿನ ಅವನು ಕಾಟಯ್ಯನ ಹತ್ತಿರ ಬಂದು ಕುಳಿತ.

"ಕಾಟಣ್ಣಾ, ನನ್ನ ಕುರಿ ಸತ್ತಾಗ ನಿನ್ನನ್ನು ಬೈಯಲಿಲ್ಲ. ಮಣ್ಣು ಬೇಡ ಅಂದಿತು, ನೀನೇನು ಮಾಡ್ತೀ ಅಂದುಕೊಂಡೆ. ಆಮೇಲೆ ಓಬಕ್ಕನ ಮರಿ ನಿನ್ನ ಕೈಯಲ್ಲಿದ್ದ ದಿನ ಉಂಡೆ ಹೇಗೆ ಒಡೆಯಿತು ಅಂತ ನಾನೂ ನೋಡಿದೆ. ಒಂದೇ ಕೇಳ್ತೀನಿ, ಹೇಳಿಬಿಡು. ನನ್ನ ಕುರಿಗೆ ಬೇಡ ಅಂದದ್ದು ಮಣ್ಣೋ, ನೀನೋ?"

ಅಂದು ಬೇಡ ಅಂದದ್ದು ಮಣ್ಣೇ. ಅದರಲ್ಲಿ ಎಳ್ಳಷ್ಟೂ ಮೋಸವಿರಲಿಲ್ಲ. ಆದರೆ ಆ ನಿಜವನ್ನು ಚಿತ್ತಯ್ಯ ನಂಬುವ ಹಾಗೆ ಹೇಳಲು ಕಾಟಯ್ಯನಿಗೆ ಬಾಯಿ ಉಳಿದಿರಲಿಲ್ಲ. ತಲೆ ತಗ್ಗಿಸಿಕೊಂಡು ಕುಳಿತ. ಚಿತ್ತಯ್ಯ ಎದ್ದು ಹೋದ. ಹೋದವನು ಹಟ್ಟಿಯಲ್ಲಿ ಉಳಿದವರಿಗೆ ಏನೂ ಹೇಳಲಿಲ್ಲ. ಮತ್ತೆ ಕಾಟಯ್ಯನನ್ನು ಬೈದವರ ಬಾಯಿ ಮುಚ್ಚಿಸಲೂ ಇಲ್ಲ.

ಮುಂದಿನ ಮಳೆಗಾಲಕ್ಕೆ ಹೋದವರು ಉಳಿದ ಕುರಿಗಳನ್ನು ಹೊಡೆದುಕೊಂಡು ಹಟ್ಟಿಗೆ ಮರಳಿದರು. ಮೊದಲ ಮಳೆ ಬಿತ್ತು. ಕಾಟಯ್ಯ ತಡಿಕೆ ಮುಚ್ಚಿ, ದಿನಾ ಬೆಳಿಗ್ಗೆ ನಿಲುಗಲ್ಲಿನ ಹತ್ತಿರ ಹೋಗಿ ಉಂಡೆ ಕಟ್ಟಿದ. ನೋಡಲು ಹಿರಿಯರು ಬರಲಿಲ್ಲ. ಆದರೂ ಬಿಡಲಿಲ್ಲ ಅವನು. ಜನ್ಮದಲ್ಲಿ ಎಂದೂ ಇಟ್ಟಿರದಷ್ಟು ಹಗುರವಾಗಿ ಬೆರಳಿಟ್ಟು ನೋಡಿದ. ಒಂದು ಬೆಳಿಗ್ಗೆ, ಬೆರಳು ತಾಗಿತೋ ಇಲ್ಲವೋ ಎನ್ನುವಷ್ಟರಲ್ಲಿ ಉಂಡೆ ಅಂಗೈಯಲ್ಲಿ ಪುಡಿಯಾಗಿ ಉದುರಿತು. ಉಗುರಿಗೆ ಒಂದು ಕಣವೂ ಮೆತ್ತಲಿಲ್ಲ. ಕಾಟಯ್ಯ ಎದ್ದು ನಿಂತು, ಹದ ಬಂತು ಎಂದು ಎರಡೂ ಹಟ್ಟಿಗೆ ಕೇಳುವ ಹಾಗೆ ಕೂಗಿದ. ಯಾರೂ ಓಗೊಡಲಿಲ್ಲ. ತಿರುಗಿ ನೋಡಿದರೆ ಬೇಲಿ ಎಷ್ಟೋ ಕಡೆ ಮುರಿದಿತ್ತು. ಕುರಿಗಳು ಹಿಂದಿನ ದಿನವೇ ಗುಡ್ಡ ಹತ್ತಿದ್ದವು. ಕೆಳಗೆ ತಡಿಕೆಯ ಹತ್ತಿರ ಎರಡೂ ಹಟ್ಟಿಯವರು ದೊಣ್ಣೆ ಹಿಡಿದು ಎದುರುಬದುರು ನಿಂತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕೈ ಯಾವಾಗಲೋ ನಿಂತಿತ್ತು. ಅವನ ಮುಂದಿನ ಹಣ್ಣು ಹಾಗೇ ಇತ್ತು.

"ಇದು ಅನ್ಯಾಯ ಬುದ್ಧಿ" ಎಂದ ಶಿಷ್ಯ. ಅವನ ದನಿ ಏರಿತ್ತು. "ಅವನು ಸುಳ್ಳು ಹೇಳಲಿಲ್ಲ. ಲಂಚ ಮುಟ್ಟಲಿಲ್ಲ. ನಿಯಮ ಹೇಳಿದ ಹಾಗೆ ಬಗೆದ, ಮುಷ್ಟಿ ಕಟ್ಟಿದ, ಬೆರಳಿಟ್ಟ. ಉಂಡೆ ಒಡೆದದ್ದನ್ನು ಎಲ್ಲರೂ ನೋಡಿದರು. ಅವನ ಮನಸ್ಸಾಕ್ಷಿಯೂ ಒಪ್ಪಿತ್ತು, ಅದು..."

ಗುರುಗಳು ಅವನ ಮುಂದಿದ್ದ ಹಣ್ಣಿನಿಂದ ಒಂದನ್ನು ಎತ್ತಿಕೊಂಡರು. ಬೀಜ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿದರು.

"ಮತ್ತೆ ಮತ್ತೆ ಕೇಳಿದೆ ಅಂದೆಯಲ್ಲ ಮರೀ, ಕೇಳಿದೆಯೋ, ಒತ್ತಿದೆಯೋ?"